ಆ ‘ಪುಸ್ಸ್’ಗೆ ಸಿಗ್ನಲ್ ಕೊಡೋರು ಯಾರು?

ಬಸವನ ಬಾಗೇವಾಡಿಯಲ್ಲಿ ನಮ್ಮ ಕಾಕಾನ ಮಗ ತನ್ನ ಬಾಡಿಗಿ ಡೀಸೆಲ್ ಕಾರಿಗೆ ಬ್ಲೋ-ಆಫ್ ವಾಲ್ವ್ ಹಾಕಿಸ್ಯಾನ. ಗೇರ್ ಬದಲಿಸಿದಾಗೊಮ್ಮೆ ‘ಪುಸ್ಸ್’ ಅಂತದ. "ಪಿಕಪ್ ಹೆಚ್ಚಾಗೇತಿ ಅಣ್ಣಾ" ಅಂತಾನ. ಹೆಚ್ಚಾಗಿದ್ದು ಸಪ್ಪಳ ಮಾತ್ರ ಅಂತ ನನ್ನ ವಾದ.

ಈ ವಾಲ್ವ್ ಹುಟ್ಟಿದ್ದು ಪೆಟ್ರೋಲ್ ಟರ್ಬೊ ಎಂಜಿನ್ನಿನ ತೊಂದರೆಗೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೊ ಗಾಳಿ ಒತ್ತುತ್ತಿರುವಾಗಲೇ ನಾವು ಆಕ್ಸಿಲರೇಟರ್ ಬಿಡುತ್ತೇವೆ. ಥ್ರಾಟಲ್ ಪ್ಲೇಟ್ ಮುಚ್ಚುತ್ತದೆ, ಒತ್ತಿದ ಗಾಳಿ ದಾರಿ ಕಾಣದೆ ಕಂಪ್ರೆಸರ್‌ಗೇ ವಾಪಸ್ ನುಗ್ಗುತ್ತದೆ. ಅದೇ ಸರ್ಜ್. ವಾಲ್ವಿನ ಒಂದು ಬದಿಗೆ ಸ್ಪ್ರಿಂಗ್ ಇರುತ್ತದೆ, ಅದೇ ಬದಿಗೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಪೈಪ್. ಬೂಸ್ಟ್ ಇದ್ದಾಗ ಎರಡೂ ಬದಿ ಒತ್ತಡ ಸಮ, ಸ್ಪ್ರಿಂಗ್ ಮುಚ್ಚಿ ಹಿಡಿಯುತ್ತದೆ. ಪ್ಲೇಟ್ ಮುಚ್ಚಿದ ಕೂಡಲೇ ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಆಗಿ ವಾಲ್ವನ್ನು ಎಳೆಯುತ್ತದೆ. ಎಂಥಾ ಚಂದದ ಕಂಟ್ರೋಲ್ ನೋಡ್ರಿ: ಸೆನ್ಸರ್ ಇಲ್ಲ, ಕೋಡ್ ಇಲ್ಲ! ಈಗಿನ ಕೆಲವು ಎಂಜಿನ್‌ಗಳಲ್ಲಿ ಇದೇ ಕೆಲಸವನ್ನು ಇಸಿಯು ಸೊಲೆನಾಯ್ಡ್ ಮೂಲಕ ಮಾಡಿಸುತ್ತದೆ.

ಆದರ ಡೀಸೆಲ್‌ನಲ್ಲಿ ಶಕ್ತಿ ಹೆಚ್ಚು ಕಡಿಮಿ ಮಾಡೋದು ಇಂಧನ, ಗಾಳಿ ಅಲ್ಲ. ಹೊಸ ಡೀಸೆಲ್‌ಗಳಲ್ಲಿ ಇಜಿಆರ್‌ಗಾಗಿ, ಎಂಜಿನ್ ಬಂದ್ ಮಾಡೋವಾಗ ಜರ್ಕ್ ಹೊಡೀಬಾರದಂತ ಒಂದು ಪ್ಲೇಟ್ ಇರಬಹುದು, ಖರೆ. ಆದರೆ ಕಾಲು ತೆಗೆದಾಗ ಪೆಟ್ರೋಲ್ ಗಾಡಿಯಂತೆ ದಾರಿ ಕಟ್ಟಾಗುವುದಿಲ್ಲ, ಸಿಲಿಂಡರ್‌ಗಳು ಗಾಳಿ ಎಳೀತಾನೇ ಇರುತ್ತವೆ. ವ್ಯಾಕ್ಯೂಮ್ ಇಲ್ಲ, ವಾಲ್ವ್ ತಾನಾಗಿ ತೆರೆಯೋದೂ ಇಲ್ಲ.

ಹಂಗಾದ್ರ ಸಪ್ಪಳ ಎಲ್ಲಿಂದ? ಪೆಡಲ್ ಹತ್ರ ಸ್ವಿಚ್ ಕೂಡಿಸಿ, ಕಾಲು ಎತ್ತಿದಾಗ ಕರೆಂಟಿನಿಂದ ವಾಲ್ವ್ ತೆರೆಸ್ಯಾರ. ಎಂಜಿನ್ ಕೇಳಿಲ್ಲ, ನಾವೇ ಒತ್ತಿದ ಗಾಳಿ ಹೊರಗ ಚೆಲ್ಲತೀವಿ. ಮುಂದಿನ ಗೇರಿಗೆ ಟರ್ಬೊ ಮತ್ತ ಪೈಪ್ ತುಂಬಬೇಕು. ವಾಲ್ವ್ ಸರಿಯಾಗಿ ಮುಚ್ಚದೆ ಸೋರಿದರ ಬೂಸ್ಟ್ ಕಡಿಮಿ, ಕರಿ ಹೊಗೆ ಜಾಸ್ತಿ.

ಪೆಟ್ರೋಲ್ ಗಾಡಿ ಇದ್ದೋರೂ ನಗಬ್ಯಾಡ್ರಿ. ಮಾಸ್ ಏರ್ ಫ್ಲೋ ಸೆನ್ಸರ್ ಇದ್ದರೆ ಅದು ಅಳೆದ ಗಾಳಿಗೆ ತಕ್ಕಂತೆ ಇಸಿಯು ಪೆಟ್ರೋಲ್ ಕೊಟ್ಟಿರುತ್ತದೆ. ಆ ಗಾಳಿ ಹೊರಗೆ ಬಿಟ್ಟರೆ ಮಿಕ್ಸ್‌ಚರ್ ರಿಚ್ ಆಗಿ ಗಾಡಿ ಜಗ್ಗುತ್ತದೆ. ಅದಕ್ಕೇ ಕಂಪನಿಯವರು ಗಾಳಿಯನ್ನು ಟರ್ಬೊ ಮುಂದಿನ ಪೈಪಿಗೆ ವಾಪಸ್ ಕಳಿಸ್ತಾರ. ಸಪ್ಪಳ ಇಲ್ಲ, ಲೈಕೂ ಇಲ್ಲ.

ತಮ್ಮಗ ಇಷ್ಟೇ ಹೇಳೀನಿ: ಒಂದು ವಾರ ವಾಲ್ವ್ ಇಟ್ಟು, ಒಂದು ವಾರ ತಗದು ಆಲಮಟ್ಟಿ ಬಾಡಿಗಿ ಹೊಡಿ. ಎರಡೂ ವಾರದ ಡೀಸೆಲ್ ಬಿಲ್ ನನಗ ವಾಟ್ಸಾಪ್ ಮಾಡು.