ಜಲಜನಕವನ್ನು ಹೀರಿದುದು ಯಾವುದು?

ಪೆಲೇಡಿಯಂ ಲೋಹವು ತನ್ನ ಗಾತ್ರದ ನೂರಾರು ಪಟ್ಟು ಜಲಜನಕವನ್ನು ಹೀರಬಲ್ಲುದೆಂದು ಥಾಮಸ್ ಗ್ರಹಾಂ ೧೮೬೬ರಲ್ಲಿ ತೋರಿಸಿಕೊಟ್ಟನು. ಇಂದು ಜಲಜನಕವನ್ನು ಇಂಧನವಾಗಿ ಕೂಡಿಡಲು ನಾವು ಮಿಶ್ರಲೋಹಗಳನ್ನು ಅರಸುತ್ತಿರುವೆವು. ಹೀರಿದ ಪ್ರಮಾಣವನ್ನು ಅಳೆಯುವ ಬಗೆ ಸರಳ: ಗಾತ್ರ ತಿಳಿದ ಪಾತ್ರೆಯಲ್ಲಿ ಅನಿಲದ ಒತ್ತಡ ಎಷ್ಟು ಇಳಿಯಿತೆಂದು ನೋಡುವುದು. ಆದರೆ ಸೋರಿಕೆಯಿಂದಲೂ ಉಷ್ಣತೆ ತಗ್ಗುವುದರಿಂದಲೂ ಒತ್ತಡ ಇಳಿಯುವುದು. ಹೀರಿದುದು ಯಾವ ವಸ್ತುವೆಂಬುದನ್ನಂತೂ ಅದು ಹೇಳದು. ೧೯೯೦ರ ದಶಕದಲ್ಲಿ ಇಂಗಾಲದ ಅತಿಸೂಕ್ಷ್ಮ ನಳಿಕೆಗಳ ಹೀರುವ ಶಕ್ತಿಯನ್ನು ಬಹಳ ಹೊಗಳಲಾಯಿತು. ೨೦೦೧ರಲ್ಲಿ ಜರ್ಮನಿಯಲ್ಲಿ ಅದೇ ರೀತಿ ಸಿದ್ಧಪಡಿಸಿ ಪರೀಕ್ಷಿಸಿದಾಗ, ಜಲಜನಕವನ್ನು ಹೀರಿದುದು ಉಪಕರಣದಿಂದ ಸವೆದು ಬೆರೆತ ಟೈಟಾನಿಯಂ ಮಿಶ್ರಲೋಹವೆಂದು ಕಂಡುಬಂದಿತು. ತಪ್ಪು ಅಳತೆಯ ಮೇಲೆ ಎಷ್ಟು ಅಂದವಾದ ಗಣಿತವನ್ನು ಕಟ್ಟಿದರೂ ಅದು ನಿಲ್ಲದು. ಎರಡನೆಯ ಪ್ರಯೋಗಶಾಲೆ ಒಪ್ಪದ ಅಂಕಿಯನ್ನು ನಂಬಲಾಗದೆಂಬುದೇ ನಮ್ಮ ಮತ.