ಶತ್ರುವಿನ ಜ್ವರ ಸುದ್ದಿ, ನಮ್ಮವರ ಜ್ವರ ರಹಸ್ಯ

2023ರ ಡಿಸೆಂಬರ್‌ನಲ್ಲಿ ಉಕ್ರೇನ್‌ನ ಸೇನಾ ಗುಪ್ತಚರ ಇಲಾಖೆ ಒಂದು ಹೇಳಿಕೆ ಕೊಟ್ಟಿತು. ಕುಪಿಯಾನ್ಸ್ಕ್ ಕಡೆಯ ಕಂದಕಗಳಲ್ಲಿರುವ ರಷ್ಯಾ ಸೈನಿಕರಿಗೆ ‘ಇಲಿ ಜ್ವರ’ ಹಬ್ಬಿದೆ, ಕಾಯಿಲೆ ಅಂತ ಹೇಳಿಕೊಂಡವರನ್ನು ಅವರ ಕಮಾಂಡರ್‌ಗಳೇ ‘ಯುದ್ಧ ತಪ್ಪಿಸಿಕೊಳ್ಳೋ ನೆಪ’ ಅಂತ ಬೈದು ಕಳಿಸ್ತಿದ್ದಾರೆ ಎಂದು. ಇದು ಯುದ್ಧದಲ್ಲಿರುವ ಒಂದು ಪಕ್ಷದ ಮಾತು, ಹಾಗಾಗಿ ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಬರೀ ಪ್ರಚಾರ ಅಂತ ತಳ್ಳಿಹಾಕುವುದೂ ತಪ್ಪು ಎಂಬುದು ನನ್ನ ವಾದ. ಯಾಕಂದ್ರೆ ಈ ಕಾಯಿಲೆಗೂ ಸೈನಿಕರಿಗೂ ಹಳೆಯ ನಂಟಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಇಲಿ ಜ್ವರ ಅಂದರೆ ಲೆಪ್ಟೊಸ್ಪೈರೋಸಿಸ್. ಅದು ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಇಲ್ಲಿ ಹೇಳುತ್ತಿರುವುದು ಹಂಟಾವೈರಸ್ ಬಗ್ಗೆ. ಇದಕ್ಕೆ ಇಲಿ ಕಚ್ಚಲೇಬೇಕಿಲ್ಲ. ಅದರ ಮೂತ್ರ, ಹಿಕ್ಕೆ ಒಣಗಿ ಧೂಳಾದ ಮೇಲೆ ಆ ಧೂಳನ್ನು ಉಸಿರಾಡಿದರೂ ಸಾಕು. ಜ್ವರ, ಬೆನ್ನುನೋವಿನಿಂದ ಶುರುವಾಗಿ, ರಕ್ತದೊತ್ತಡ ಕುಸಿದು, ಮೂತ್ರಪಿಂಡ ಕೈಕೊಡುವವರೆಗೂ ಹೋಗಬಹುದು. ಈಗ ಕಂದಕವನ್ನು ನೆನೆಸಿಕೊಳ್ಳಿ: ನೆಲದ ಮೇಲೇ ಊಟ, ಅಲ್ಲೇ ನಿದ್ದೆ, ಸುತ್ತ ನೆಲಬಾಂಬಿನ ಭಯಕ್ಕೆ ಕೊಯ್ಲಾಗದೆ ಉಳಿದ ಹೊಲ. ಇಲಿಗಳಿಗೆ ಇದಕ್ಕಿಂತ ಸುಗ್ಗಿ ಬೇಕಾ?

ಇದೆಲ್ಲ ದೊಡ್ಡದಾಗಿ ಕಂಡದ್ದು ಕೊರಿಯಾ ಯುದ್ಧದಲ್ಲಿ. 1951ರಿಂದ 1953ರ ನಡುವೆ ವಿಶ್ವಸಂಸ್ಥೆಯ ಪಡೆಗಳಲ್ಲಿ ಸುಮಾರು 3,000 ಸೈನಿಕರಿಗೆ ‘ಕೊರಿಯಾ ರಕ್ತಸ್ರಾವ ಜ್ವರ’ ಬಂತು. ನೂರರಲ್ಲಿ 5ರಿಂದ 10 ಮಂದಿ ಸತ್ತರು. ನುಸಿ ಕಡಿತದಿಂದ ಬರುತ್ತದೆ ಅಂದುಕೊಂಡು ಸಮವಸ್ತ್ರಕ್ಕೆಲ್ಲ ಔಷಧಿ ಹಚ್ಚಿದರು. ಕಾರಣ ಸಿಕ್ಕಿದ್ದು 1976ರಲ್ಲಿ. ದಕ್ಷಿಣ ಕೊರಿಯಾದ ವಿಜ್ಞಾನಿ ಲೀ ಹೊ-ವಾಂಗ್ ಬೆನ್ನ ಮೇಲೆ ಪಟ್ಟೆ ಇರುವ ಹೊಲದ ಇಲಿಯ ಶ್ವಾಸಕೋಶದಲ್ಲಿ ವೈರಸ್ಸನ್ನು ಪತ್ತೆಹಚ್ಚಿ, ಅಲ್ಲಿ ಹರಿಯುವ ಹಂಟಾನ್ ನದಿಯ ಹೆಸರಿಟ್ಟರು. ಯುದ್ಧ ನಿಂತು ಅಷ್ಟೊತ್ತಿಗೆ 23 ವರ್ಷ ಕಳೆದಿತ್ತು.

ಇಷ್ಟು ತಡ ಆಗಿದ್ದು ವಿಜ್ಞಾನ ಕಷ್ಟ ಅನ್ನೋ ಕಾರಣಕ್ಕೆ ಮಾತ್ರವೇ ಅಲ್ಲ. ಮಂಚೂರಿಯಾದಲ್ಲಿದ್ದ ಜಪಾನಿ ಸೇನೆಗೆ ಈ ಜ್ವರ ಮೊದಲೇ ಗೊತ್ತಿತ್ತು. ಕುಖ್ಯಾತ ಯೂನಿಟ್ 731 ಇದನ್ನು ಕೈದಿಗಳ ಮೈಮೇಲೆ ಪ್ರಯೋಗ ಮಾಡಿ ನೋಡಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕ ಆ ಘಟಕದ ಮಾಹಿತಿ ಪಡೆದು, ಬದಲಿಗೆ ಅದರ ಮುಖ್ಯಸ್ಥರನ್ನು ವಿಚಾರಣೆಯಿಂದ ಪಾರುಮಾಡಿತು. 1952ರಲ್ಲಿ ಚೀನಾ, ಉತ್ತರ ಕೊರಿಯಾಗಳು ಅಮೆರಿಕದ ಮೇಲೆ ಜೈವಿಕ ಯುದ್ಧದ ಆರೋಪ ಹೊರಿಸಿದವು. ಇಂಥ ವಾತಾವರಣದಲ್ಲಿ ಕಾಯಿಲೆಯ ಮಾಹಿತಿ ಔಷಧಿಯಾಗಿ ಉಳಿಯೋದಿಲ್ಲ, ಆಯುಧವಾಗುತ್ತೆ.

ನಮಗೇನು ಸಂಬಂಧ ಅಂತೀರಾ? ಕದನವಿರಾಮದ ನಂತರ ಯುದ್ಧಕೈದಿಗಳ ಉಸ್ತುವಾರಿಗೆ ಹೋದ ಭಾರತೀಯ ಪಡೆ ಬೀಡುಬಿಟ್ಟದ್ದು ಕೊರಿಯಾದ ಅದೇ ಗಡಿಪಟ್ಟಿಯಲ್ಲಿ. ಕೈದಿಗಳ ವಾಪಸಾತಿ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಇನ್ನು 1964ರಲ್ಲಿ ವೆಲ್ಲೂರಿನಲ್ಲಿ ಹಿಡಿದ ಮೂಗಿಲಿಯೊಂದರಲ್ಲಿ ಸಿಕ್ಕ ತೊಟ್ಟಪಾಳಯಂ ವೈರಸ್ ಕೂಡ ಹಂಟಾ ಕುಟುಂಬದ್ದೇ. ಅದು ಮನುಷ್ಯರಿಗೆ ಕಾಯಿಲೆ ತರುತ್ತದೆ ಎಂಬುದು ಸಾಬೀತಾಗಿಲ್ಲ, ನಿಜ. ಆದರೆ ಈ ಕುಟುಂಬ ನಮ್ಮ ನೆಲಕ್ಕೆ ಹೊಸದೇನಲ್ಲ.

ನನ್ನ ಪ್ರಶ್ನೆ ಸೈನ್ಯಗಳಿಗೆ. ಶತ್ರುಪಾಳಯದ ಜ್ವರವನ್ನು ಪತ್ರಿಕಾ ಹೇಳಿಕೆ ಮಾಡೋರು ತಮ್ಮ ಸೈನಿಕರ ಜ್ವರದ ಲೆಕ್ಕ ಯಾಕೆ ಕೊಡಲ್ಲ? ಎಷ್ಟು ಟ್ಯಾಂಕ್ ಎಲ್ಲಿದೆ ಅಂತ ಗುಟ್ಟು ಮಾಡಲಿ, ಒಪ್ಪೋಣ. ಕಾಯಿಲೆಯನ್ನು ಗುಟ್ಟು ಮಾಡಿದರೆ ಪಕ್ಕದೂರಿನ ರೈತನಿಗೂ ಎಚ್ಚರಿಕೆ ಸಿಗಲ್ಲ. ಆ ಧೂಳನ್ನು ಅವನೂ ಉಸಿರಾಡ್ತಾನೆ, ಯುದ್ಧ ಮುಗಿದ ಮೇಲೂ ಅಲ್ಲೇ ಉಳಿತಾನೆ. ಕೊರಿಯಾದಲ್ಲಿ ಇವತ್ತಿಗೂ ಈ ಜ್ವರ ಬರೋದು ಹೆಚ್ಚಾಗಿ ರೈತರಿಗೆ ಮತ್ತು ಸೈನಿಕರಿಗೆ. ಅಲ್ಲಿ 1990ರಿಂದ ಲಸಿಕೆಯೂ ಇದೆ. ಇಲಿ ಬಾರದ ಉಗ್ರಾಣ, ಮುಚ್ಚಿಟ್ಟ ಊಟ, ಗುಡಿಸುವ ಮುನ್ನ ನೀರು ಚಿಮುಕಿಸಿ ಧೂಳು ಅಡಗಿಸುವುದು, ಇವಕ್ಕೇನೂ ದೊಡ್ಡ ಖರ್ಚಿಲ್ಲ.

ಅದಕ್ಕೂ ಮೊದಲು ಬೇಕಾದದ್ದು ಒಂದೇ: ಮೈ ಸುಡ್ತಿದೆ ಅಂತ ಸೈನಿಕ ಹೇಳಿದಾಗ ಅವನನ್ನು ಹೇಡಿ ಅನ್ನದೆ ವೈದ್ಯರ ಹತ್ತಿರ ಕಳಿಸೋದು.