ತಿರುಗಾಮುರುಗಾ ಶಾಲೋಮ್

ಮರದ ಕೆಲಸ ನನ್ನ ವಾರಾಂತ್ಯದ ಹುಚ್ಚು. ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಆಫೀಸಿನ ಯಹೂದಿ ಗೆಳೆಯನೊಬ್ಬ ಹೊಸ ಮನೆ ಮಾಡಿದ. ಅಂಗಡಿಯ ಉಡುಗೊರೆ ಯಾಕೆ ಅಂತ ಮೇಪಲ್ ಹಲಗೆಯಲ್ಲಿ ಹೀಬ್ರೂ ಅಕ್ಷರಗಳ ‘ಶಾಲೋಮ್’ ಕೊರೆದು ಕೊಡೋಣ ಅಂದ್ಕೊಂಡೆ. ನಾಲ್ಕೇ ಅಕ್ಷರ ತಾನೆ!

ಆ ನಾಲ್ಕರಲ್ಲಿ ಸತಾಯಿಸಿದ್ದು ಮೇಮ್. ಹೀಬ್ರೂವಿನಲ್ಲಿ ಪದದ ಕೊನೆಗೆ ಬಂದಾಗ ಅದಕ್ಕೆ ಬೇರೆಯೇ ರೂಪ, ಎಲ್ಲ ಕಡೆ ಮುಚ್ಚಿದ ಚೌಕ. ಸ್ಕ್ರೋಲ್ ಗರಗಸದಲ್ಲಿ ಕೊಯ್ದರೆ ಒಳಗಿನ ತುಂಡು ಟಪ್ ಅಂತ ಬಿದ್ದುಹೋಗುತ್ತೆ. ಹಿಂದೆ ವಾಲ್‌ನಟ್ ಹಲಗೆ ಕೊಟ್ಟು, ಆ ತುಂಡನ್ನ ಸರಿಯಾಗಿ ಮಧ್ಯಕ್ಕೆ ಅಂಟಿಸೋಕೆ ಒಂದಿಡೀ ಸಂಜೆ ಹೋಯ್ತು.

ಗೆಳೆಯ ನೋಡಿ ‘ತುಂಬಾ ಚೆನ್ನಾಗಿದೆ’ ಅಂದ. ಪಕ್ಕದಲ್ಲಿದ್ದ ಅವನ ಏಳು ವರ್ಷದ ಮಗಳು ಮಾತ್ರ ಮುಲಾಜು ನೋಡಲಿಲ್ಲ: ‘ಅಪ್ಪಾ, ಇದು ಹಿಂದುಮುಂದಾಗಿದೆ.’

ಆಗಿದ್ದು ಇಷ್ಟೇ. ಹೀಬ್ರೂ ಬಲದಿಂದ ಎಡಕ್ಕೆ ಓದೋ ಲಿಪಿ. ನನ್ನ ಡಿಸೈನ್ ತಂತ್ರಾಂಶಕ್ಕೆ ಅದು ಗೊತ್ತಿಲ್ಲ, ಅಕ್ಷರಗಳನ್ನ ಎಡದಿಂದ ಸಾಲಾಗಿ ನಿಲ್ಲಿಸಿಬಿಟ್ಟಿದೆ. (ಕನ್ನಡಿ ಹಿಡಿದರೂ ಸರಿಹೋಗಲ್ಲ, ಯಾಕಂದ್ರೆ ಒಂದೊಂದು ಅಕ್ಷರವೂ ನೆಟ್ಟಗೇ ಇದೆ, ಕ್ರಮ ಮಾತ್ರ ಉಲ್ಟಾ.) ನಾನು ಒಂದು ಸಂಜೆ ಒದ್ದಾಡಿ ಅಂಟಿಸಿದ ಆ ಕೊನೆಯ ಮೇಮ್ ಪದದ ಮೊದಲಿಗೆ ಹೋಗಿ ಕೂತಿತ್ತು. ಒತ್ತಕ್ಷರದಿಂದ ಶುರುವಾಗೋ ಕನ್ನಡ ಪದ ನೋಡಿದರೆ ನಮಗೆ ಹೇಗಾಗುತ್ತೋ ಹಾಗೆ!

ರೂಮ್‌ಮೇಟ್ ಸಮಾಧಾನ ಮಾಡಿದ, ‘ಅಲಂಕಾರಕ್ಕೆ ತಾನೆ, ಯಾರು ಓದ್ತಾರೆ ಬಿಡು’. ನನಗೆ ಸಿಟ್ಟು ಬಂದಿದ್ದೇ ಅಲ್ಲಿ. ಟೀ-ಶರ್ಟಿನ ಮೇಲೆ ‘ಕನ್ ನಡ’ ಅಂತ ಒತ್ತು ಮುರಿದು ಛಾಪಿಸಿದ್ದನ್ನ ಕಂಡಾಗ ಇದೇ ನಾವು ಎಷ್ಟು ಕೂಗಾಡ್ತೀವಿ? ಓದೋರಿಗೆ ಅದು ಬರೀ ಬಳ್ಳಿ-ಹೂವಿನ ಚಿತ್ತಾರ ಅಲ್ಲ.

ಹಾಗಂತ ಹೊರಗಿನವರು ಇದನ್ನ ಮುಟ್ಟಲೇಬಾರದು ಅನ್ನೋದನ್ನೂ ನಾನು ಒಪ್ಪಲ್ಲ. ಈಗಿನ ಯುಕ್ರೇನಿನಲ್ಲಿದ್ದು ನಾಶವಾಗಿಹೋದ ಗ್ವೋಜ್‌ಜಿಯೆಟ್ಸ್ ಊರಿನ ಮರದ ಸಿನಗಾಗ್ ಇದೆಯಲ್ಲ, ಅದರ ಚಾವಣಿಯನ್ನ 2011ರಿಂದ ನೂರಾರು ಸ್ವಯಂಸೇವಕರು ಹಳೇ ಕಾಲದ ಕೈ ಉಪಕರಣಗಳಿಂದಲೇ ಮತ್ತೆ ಕಟ್ಟಿದರು. ಈಗ ಅದು ವಾರ್ಸಾದ ಪೋಲಿನ್ ಮ್ಯೂಸಿಯಮ್ಮಿನಲ್ಲಿದೆ. ಹಳೇ ಫೋಟೋ, ನಕ್ಷೆಗಳನ್ನ ಮುಂದಿಟ್ಟುಕೊಂಡು ಕಲಿತು ಮಾಡಿದ ಕೆಲಸ ಅದು. ನಾನು ಮಾಡಿದ್ದು ಕಾಪಿ-ಪೇಸ್ಟ್.

ಗೆಳೆಯನ ಮನೆ ಬಾಗಿಲಿಗೆ ಈಗ ಮೆಝೂಝಾ ಪೆಟ್ಟಿಗೆ ಮಾಡ್ತಿದ್ದೀನಿ. ಯಹೂದಿಗಳ ಮನೆಯ ಬಾಗಿಲಿನ ಬಲ ಚೌಕಟ್ಟಿಗೆ ಹೊಡೆಯೋ ಪುಟ್ಟ ಪೆಟ್ಟಿಗೆ ಅದು. ಒಳಗಿಡೋ ತೋರಾದ ವಾಕ್ಯಗಳನ್ನ ಅದಕ್ಕಂತಲೇ ಕಲಿತ ಲಿಪಿಕಾರ ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆಯಬೇಕು, ಪ್ರಿಂಟ್ ಮಾಡಿದ್ದು ನಡೆಯಲ್ಲ. ಆದರೆ ಹೊರಗಿನ ಪೆಟ್ಟಿಗೆ ಮರದ್ದೋ ಲೋಹದ್ದೋ ಗಾಜಿನದ್ದೋ, ಮಾಡೋನ ಇಷ್ಟ. ಈ ಏರ್ಪಾಡು ನನಗೆ ತುಂಬಾ ಹಿಡಿಸಿತು. ನನ್ನ ಜಾಗ ಎಲ್ಲಿಯವರೆಗೆ ಅಂತ ಸ್ಪಷ್ಟವಾಗಿದೆ.

ಮೇಲೆ ಕೊರೆಯೋದು ರೂಢಿಯಂತೆ ಒಂದೇ ಅಕ್ಷರ, ಶಿನ್. ಒಂದೇ ಇರೋದ್ರಿಂದ ಕ್ರಮ ತಪ್ಪೋ ಭಯ ಇಲ್ಲ :) ಆದರೂ ಪ್ರಿಂಟ್ ತೆಗೆದು ಆ ಹುಡುಗಿಗೆ ಕಳಿಸಿದ್ದೀನಿ. ಅವಳು ಓಕೆ ಅಂದ ಮೇಲೇ ಗರಗಸ.